ಚೀಟಿ ಇಲ್ಲದೆ ಪೆಟ್ಟಿಗೆ ಇಲ್ಲ

ನನ್ನ ಹಳೆಯ ಬೂದು ಬಣ್ಣದ ಸ್ವೆಟರಿನ ಎಡಜೇಬಿನ ಮೂಲೆಯಲ್ಲಿ ಒಂದು ಬಿಳಿ ನೈಲಾನ್ ಬಲೆ ಸಿಕ್ಕಿತು. ಹೆಬ್ಬೆರಳಿನಷ್ಟು ಉದ್ದ, ಎರಡೂ ಕಡೆ ತೆರೆದ ಬಾಯಿ, ಒಳಗೆ ಒಣಗಿ ಕಪ್ಪಾದ ಒಂದೇ ಒಂದು ದಳ. ಗುಲಾಬಿಯ ಮೊಗ್ಗು ಗಿಡದಲ್ಲಿರುವಾಗಲೇ ಅದಕ್ಕೆ ತೊಡಿಸುವ ಬಲೆ ಇದು. ಮೊಗ್ಗು ಬೇಗ ಬಿರಿಯದೆ ದಪ್ಪಗೆ ಬೆಳೆಯಲಿ ಎಂದು. ತೋಟದ ಶೆಡ್ಡಿನಲ್ಲಿ ಹೂವು ಕಟ್ಟುವ ಹೆಂಗಸರು ಇದನ್ನು ಕ್ಯಾಪ್ ಎನ್ನುತ್ತಿದ್ದರು. ಮೂಗಿನ ಹತ್ತಿರ ಹಿಡಿದೆ. ಹೂವಿನ ವಾಸನೆ ಇರಲಿಲ್ಲ. ಗಂಧಕದ್ದು ಇತ್ತು. ಬೂದಿರೋಗ ಬರದಿರಲೆಂದು ಗಿಡಗಳಿರುವ ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸಿನೊಳಗೆ ಗಂಧಕ ಕಾಯಿಸುತ್ತಿದ್ದರು, ಅದರ ಘಾಟು ಉಣ್ಣೆಯೊಳಗೆ ಇಳಿದರೆ ಎಷ್ಟು ಒಗೆದರೂ ಹೋಗುತ್ತಿರಲಿಲ್ಲ.

ಆ ಚಳಿಗಾಲವಿಡೀ ನನ್ನ ಮೈಮೇಲೆ ಆ ವಾಸನೆ ಇತ್ತು. ಜೊತೆಗೆ ಒಂದು ಹಟವೂ ಇತ್ತು. ಹೆಸರು ಗೊತ್ತಿಲ್ಲದ ಒಬ್ಬ ಮನುಷ್ಯನ ಮುಖ ನೋಡಬೇಕು, ಹತ್ತು ಜನರೆದುರು ಅದು ಕೆಳಗೆ ಬಾಗುವುದನ್ನು ನೋಡಬೇಕು.

ಎಂ.ಕಾಂ. ಮುಗಿದಿತ್ತು. ಹೊಸೂರಿನ ನಮ್ಮ ಮನೆಯಲ್ಲಿ ಎಲ್ಲರೂ ಮೇಷ್ಟರೇ, ನಾನೂ ಬಿ.ಎಡ್. ಸೇರುವುದೆಂದು ತೀರ್ಮಾನವಾಗಿತ್ತು. ನಡುವೆ ಸಿಕ್ಕಿದ ಒಂದು ವರ್ಷಕ್ಕೆ ಡೆಂಕಣಿಕೋಟೆ ರಸ್ತೆಯ ಗುಲಾಬಿ ತೋಟವೊಂದರ ಆಫೀಸಿಗೆ ಸೇರಿದೆ. ಬಂದ ಆರ್ಡರಿಗೆ ಬಿಲ್ಲು ಕಳಿಸುವುದು, ಮೇಲ್ ನೋಡುವುದು, ಚೀಟಿ ಪ್ರಿಂಟು ಹಾಕುವುದು ನನ್ನ ಕೆಲಸ. ಓನರ್ ಗೋಪಾಲಪ್ಪನವರಿಗೆ ನಾನು ಇಷ್ಟವಾಗಿದ್ದಕ್ಕೆ ಕಾರಣ ಒಂದೇ: 'ಬಾಯಿ ಕಮ್ಮಿ, ತಪ್ಪು ಇಲ್ಲ.' ಬಂದವರಿಗೆಲ್ಲ ಹೀಗೆಂದೇ ನನ್ನ ಪರಿಚಯ ಮಾಡಿಕೊಡುತ್ತಿದ್ದರು. ನನಗೂ ಒಳಗೊಳಗೆ ಹೆಮ್ಮೆಯಾಗುತ್ತಿತ್ತು.

ಸಂಕ್ರಾಂತಿ ಕಳೆದರೆ ತೋಟಕ್ಕೆ ಉಸಿರಾಡಲು ಪುರುಸೊತ್ತಿಲ್ಲ. ಫೆಬ್ರವರಿಯ ಪ್ರೇಮಿಗಳ ದಿನಕ್ಕೆಂದು ಉದ್ದ ಕಡ್ಡಿಯ ಹೂವೆಲ್ಲ ಬೆಂಗಳೂರಿನ ವಿಮಾನ ನಿಲ್ದಾಣದ ದಾರಿ ಹಿಡಿಯುತ್ತದೆ. ಬೆಳಿಗ್ಗೆ ಆರೂವರೆಗೆ ಶೆಡ್ಡು ತೆರೆದಾಗ ಮಂಜು ಬಾಗಿಲವರೆಗೂ ಬಂದು ನಿಂತಿರುತ್ತಿತ್ತು. ಉದ್ದನೆ ಮೇಜಿನ ಎರಡು ಬದಿ ಹದಿನಾಲ್ಕು ಜನ ಹೆಂಗಸರು. ಮುಳ್ಳು ತೆಗೆದು, ಉದ್ದ ನೋಡಿ, ಇಪ್ಪತ್ತಿಪ್ಪತ್ತು ಕಡ್ಡಿಯ ಕಟ್ಟು ಕಟ್ಟಿ, ರಟ್ಟು ಸುತ್ತಿ ನೀರಿಗೆ ಇಳಿಸುತ್ತಿದ್ದರು. ಮೇಜಿನ ತಲೆಯಲ್ಲಿ ಲಕ್ಷ್ಮಕ್ಕ. ಜವಳಗಿರಿಯಿಂದ ಮೊದಲ ಬಸ್ಸಿಗೆ ಬರುತ್ತಿದ್ದರು. ಶೆಡ್ಡಿನ ಯಜಮಾನಿಕೆ ಹನ್ನೊಂದು ವರ್ಷದಿಂದ ಅವರದೇ. ಕಡ್ಡಿಯನ್ನು ಬೆರಳ ಮೇಲೆ ತೂಗಿ ಉದ್ದ ಹೇಳಿಬಿಡುತ್ತಿದ್ದರು, ಅಳತೆಪಟ್ಟಿ ಹೊಸಬರಿಗೆ.

ಅವರ ಮೇಜಿನ ಮೇಲೆ ಗೋಡೆಯಿಂದ ಗೋಡೆಗೆ ಒಂದು ದಾರ ಕಟ್ಟಿತ್ತು, ಅದರಲ್ಲಿ ಬಟ್ಟೆ ಒಣಹಾಕುವ ಕ್ಲಿಪ್ಪುಗಳು. ಹೊರಗೂರಿನ ಗಿರಾಕಿ ಹಣ ಹಾಕಿದ ಮೇಲೆ ತೋಟದ ಮೇಲ್‌ಗೆ ಬ್ಯಾಂಕಿನಿಂದ ಬರುವ ಪತ್ರವನ್ನು ನಾನು ಪ್ರಿಂಟು ಹಾಕಿ ಕೊಡಬೇಕು. ಲಕ್ಷ್ಮಕ್ಕ ಅದನ್ನು ಆ ದಾರಕ್ಕೆ ಸಿಕ್ಕಿಸಬೇಕು. ಆಮೇಲೆಯೇ ಪೆಟ್ಟಿಗೆ ಬಸ್ ಸ್ಟ್ಯಾಂಡಿಗೆ. ಓದು ಬರದ ಲಕ್ಷ್ಮಕ್ಕ ತಾವೇ ಮಾಡಿದ ಕಾನೂನು ಇದು. 'ಚೀಟಿ ಇಲ್ದೆ ಪೆಟ್ಗೆ ಇಲ್ಲ' ಎಂದರೆ ಓನರ್ ಬಂದು ಹೇಳಿದರೂ ಇಲ್ಲ. ಇದಲ್ಲದೆ ಇನ್ನೊಂದಿತ್ತು. ಹಣ ಬಂದರೆ ಓನರ್ ಫೋನಿಗೂ ಮೆಸೇಜು ಬರುತ್ತದೆ. ನಾನು ಅವರಿಗೆ ಫೋನು ಮಾಡಿ ಕೇಳಬೇಕು. ಅವರು ಹೂಂ ಎಂದರೆ ಹೂಂ.

ಆ ದಿನ ಗುರುವಾರ. ಕೃಷ್ಣಗಿರಿಯ ಹೊಸ ಗಿರಾಕಿಯೊಬ್ಬನಿಂದ ಎರಡು ಪೆಟ್ಟಿಗೆಗೆ ಆರ್ಡರು ಬಂದಿತ್ತು. ಎರಡು ಗಂಟೆಯ ಬಸ್ಸು. ಒಂದು ಇಪ್ಪತ್ತಕ್ಕೆ ಬ್ಯಾಂಕಿನ ಮೇಲ್ ಬಂತು. ನಾನು ಅದನ್ನು ಎರಡು ಸಲ ಓದಿದೆ. ಬ್ಯಾಂಕಿನ ಗುರುತು, ನಮ್ಮ ಬಿಲ್ಲಿನ ನಂಬರು, ಪೈಸೆಯವರೆಗೂ ಸರಿಯಾದ ಮೊತ್ತ, ನಮ್ಮ ಖಾತೆಯ ಕೊನೆಯ ನಾಲ್ಕು ಅಂಕಿ. ಕೆಳಗೆ ಒಂದು ಸಾಲು: ಹಣ ಸ್ವೀಕೃತವಾಗಿದೆ, ಸರಕು ರವಾನಿಸಿ ವಾಹನದ ನಂಬರನ್ನು ತಿಳಿಸಿದ ಕೂಡಲೇ ಖಾತೆಯಲ್ಲಿ ಕಾಣಿಸುತ್ತದೆ. ಓನರ್ ವಿಮಾನ ನಿಲ್ದಾಣದಲ್ಲಿದ್ದರು. ಮೂರು ಸಲ ಮಾಡಿದರೂ ಫೋನು ಸಿಗಲಿಲ್ಲ. ಹೂವು ಕಾಯುವುದಿಲ್ಲ, ಬಸ್ಸೂ ಕಾಯುವುದಿಲ್ಲ.

ಲಕ್ಷ್ಮಕ್ಕ ಚೀಟಿಗೆ ಕೈ ಚಾಚುತ್ತಾ ಕೇಳಿದರು. "ಸಾರ್‌ನ ಕೇಳ್ದ್ಯಾ ತಾಯಿ?"

"ಹೂಂ," ಎಂದೆ.

ಅಷ್ಟೇ. ಆ ಚಳಿಗಾಲದಲ್ಲಿ ನಾನು ಆಡಿದ ಅತಿ ಚಿಕ್ಕ ಮಾತು ಅದು.

ಮಾರನೆಯ ದಿನವೂ ಹಣ ಬರಲಿಲ್ಲ. ಗಿರಾಕಿಯ ಫೋನು ಆಫ್. ಬ್ಯಾಂಕಿನವರು ಅಂಥ ಪತ್ರ ತಾವು ಕಳಿಸಿಯೇ ಇಲ್ಲವೆಂದರು. ಓನರ್ ನೆಟ್ಟಗೆ ಶೆಡ್ಡಿಗೆ ಬಂದರು. ಹದಿನಾಲ್ಕು ಜನರ ಕತ್ತರಿಗಳೂ ಒಟ್ಟಿಗೆ ನಿಂತವು.

"ನನ್ನ ಕೇಳ್ದೆ ಪೆಟ್ಗೆ ಎತ್ತಿದ್ಯಾರು?"

ಲಕ್ಷ್ಮಕ್ಕ ನನ್ನ ಕಡೆ ನೋಡಿದರು. ನಾನು ದಾರದ ಕಡೆ ನೋಡಿದೆ. ಅದರಲ್ಲಿ ಏಳು ಕ್ಲಿಪ್ಪುಗಳಿದ್ದವು, ಒಂದು ಮುರಿದಿತ್ತು.

"ಎತ್ತಿಸಿದ್ದು ನಾನೇ ಸಾರ್," ಎಂದರು ಲಕ್ಷ್ಮಕ್ಕ.

"ನನ್ನ ಕೇಳ್ಬೇಕು ಅಂತ ಗೊತ್ತಿಲ್ವಾ? ಹನ್ನೊಂದು ವರ್ಷದಿಂದ ಇದ್ದೀಯಲ್ಲ! ಎಷ್ಟು ಕೊಟ್ಟ ಅವ್ನು ನಿಂಗೆ?"

ಲಕ್ಷ್ಮಕ್ಕ ಮತ್ತೊಮ್ಮೆ ನನ್ನ ಕಡೆ ನೋಡಲಿಲ್ಲ. ರಬ್ಬರ್ ಕೈಗವುಸನ್ನು ಒಂದೊಂದೇ ಬೆರಳು ಬಿಡಿಸಿ ತೆಗೆದರು, ಜೋಡಿಸಿ ಮೇಜಿನ ಮೇಲಿಟ್ಟರು, ಸೆರಗಿಗೆ ಕೈ ಒರೆಸಿಕೊಂಡು ಬಾಗಿಲ ಕಡೆ ನಡೆದರು. ಊಟದ ಡಬ್ಬಿ ಅಲ್ಲಿಯೇ ಉಳಿಯಿತು.

ನಾನು ಬಾಯಿ ಬಿಡಬಹುದಿತ್ತು. ಅವರು ಗೇಟು ದಾಟುವವರೆಗೂ ಸಮಯವಿತ್ತು. ನಾನು ಆಫೀಸಿಗೆ ಹೋಗಿ ಮೇಲ್ ತೆರೆದು ಕೂತೆ, ನನಗೆ ಗೊತ್ತಿದ್ದ ಬೇರೆ ಕೆಲಸವೇ ಇಲ್ಲ ಎನ್ನುವಂತೆ.

ಆಗ ಕಂಡಿತು. ಕಳಿಸಿದವರ ಜಾಗದಲ್ಲಿ ಬ್ಯಾಂಕಿನ ಹೆಸರಿತ್ತು; ಹೆಸರಿನ ಮೇಲೆ ಒತ್ತಿದರೆ ಅದರ ಹಿಂದಿನ ವಿಳಾಸ ಯಾರು ಬೇಕಾದರೂ ಪುಕ್ಕಟೆ ತೆರೆಯಬಹುದಾದ ಒಂದು ಖಾತೆಯದು. ನಾನು ಒತ್ತಿರಲಿಲ್ಲ. ಹಳೆಯ, ನಿಜವಾದ ಪತ್ರಗಳನ್ನು ಪಕ್ಕದಲ್ಲಿಟ್ಟು ನೋಡಿದೆ. ಯಾವುದರಲ್ಲೂ ಸರಕಿನ ಮಾತೇ ಇಲ್ಲ. ಪೆಟ್ಟಿಗೆ ಹೋಯಿತೇ, ಬಸ್ಸು ಯಾವುದು, ಬ್ಯಾಂಕಿಗೆ ಯಾಕೆ ಬೇಕು? ಬಂದ ಹಣ ಬಂದಿದೆ, ಬಾರದ್ದು ಬಂದಿಲ್ಲ. 'ಬಂದಿದೆ, ಆದರೆ ಆಮೇಲೆ ಕಾಣಿಸುತ್ತದೆ' ಎಂಬ ಹಣ ಪ್ರಪಂಚದಲ್ಲಿಲ್ಲ. ಎಲ್ಲಕ್ಕಿಂತ ಹೆಚ್ಚು ಉರಿದದ್ದು ಬೇರೆ. ಆ ಪತ್ರದಲ್ಲಿ ಸರಿಯಾಗಿದ್ದದ್ದೆಲ್ಲ, ಬಿಲ್ಲಿನ ನಂಬರು, ಮೊತ್ತ, ಖಾತೆಯ ನಾಲ್ಕು ಅಂಕಿ, ಎಲ್ಲವೂ ನಾನೇ ಅವನಿಗೆ ಕಳಿಸಿದ ಬಿಲ್ಲಿನಲ್ಲಿದ್ದವು. ನಾನು ಕೊಟ್ಟದ್ದನ್ನೇ ನನಗೆ ಓದಿ ಹೇಳಿದ್ದ. ತಪ್ಪಿಲ್ಲ ಎಂದು ನಾನು ಮೆಚ್ಚಿದ್ದು ನನ್ನದೇ ಕೆಲಸವನ್ನು.

ಪೊಲೀಸಿಗೆ ಹೇಳೋಣವೆಂದರೆ ಓನರ್ ಬೇಡವೆಂದರು. "ಹೊಸೂರಿನ ತೋಟದವರೆಲ್ಲಾ ನಗ್ತಾರೆ. ಬಿಟ್ಬುಡು." ನಾನು ಬಿಡಲಿಲ್ಲ. ಆ ಸಂಜೆ ಮನೆಯಿಂದಲೇ ಸೈಬರ್ ಅಪರಾಧದ ಸರ್ಕಾರಿ ತಾಣದಲ್ಲಿ ದೂರು ಬರೆದೆ, ಮೇಲ್ ಅಳಿಸದೆ ಹಾಗೆಯೇ ಸೇರಿಸಿದೆ, ತೋಟದ ಮೇಲ್‌ನ ಪಾಸ್‌ವರ್ಡ್ ಬದಲಿಸಿದೆ. ದೂರಿನ ರಸೀದಿ ಪ್ರಿಂಟು ಹಾಕಿ ಚೀಲದಲ್ಲಿಟ್ಟುಕೊಂಡೆ. ಆದರೆ ರಸೀದಿಗೆ ಮುಖವಿಲ್ಲ. ನನಗೆ ಮುಖ ಬೇಕಿತ್ತು.

ಮುಂದಿನ ಶುಕ್ರವಾರ ಅವನೇ ಮತ್ತೆ ಮೇಲ್‌ನಲ್ಲಿ ಬಂದ. ಬೇರೆ ಹೆಸರು, ಬೇರೆ ನಂಬರು, ಆದರೆ ಅದೇ ಕೃಷ್ಣಗಿರಿ, ಅದೇ ಬಸ್ ಸ್ಟ್ಯಾಂಡು, ಅದೇ ಎರಡು ಪೆಟ್ಟಿಗೆ. ಭಾನುವಾರ ಮಧ್ಯಾಹ್ನಕ್ಕೆ ಬೇಕಂತೆ. ಒಮ್ಮೆ ದಕ್ಕಿದ ಹಿತ್ತಲಿಗೆ ಕಳ್ಳ ಎರಡನೇ ಸಲ ಬರುವ ಹಾಗೆ. ಬಿಲ್ಲು ಮಾಡಿದೆ. ನಮ್ಮ ಖಾತೆಯ ಕೊನೆಯ ನಾಲ್ಕು ಅಂಕಿಯ ಜಾಗದಲ್ಲಿ ಎಲ್ಲೂ ಇಲ್ಲದ ನಾಲ್ಕು ಅಂಕಿ ಬರೆದು ಕಳಿಸಿದೆ. ಪ್ರಾಮಾಣಿಕ ಗಿರಾಕಿಯಾಗಿದ್ದರೆ ಹಣ ಹೋಗುತ್ತಿಲ್ಲವೆಂದು ಫೋನು ಮಾಡುತ್ತಾನೆ.

ಶನಿವಾರ ಹನ್ನೊಂದಕ್ಕೆ 'ಬ್ಯಾಂಕಿನ' ಪತ್ರ ಬಂತು. ಹಣ ಸ್ವೀಕೃತವಾಗಿದೆ. ಖಾತೆ: ನಾನು ಹುಟ್ಟಿಸಿದ ಆ ನಾಲ್ಕು ಅಂಕಿ.

ತಲೆನೋವೆಂದು ಹೇಳಿ ಜವಳಗಿರಿ ಬಸ್ಸು ಹತ್ತಿದೆ. ಲಕ್ಷ್ಮಕ್ಕ ಮನೆಯೆದುರು ರಾಗಿ ತೂರುತ್ತಿದ್ದರು. ಆನೆಗಳು ಹೊಲಕ್ಕಿಳಿಯುವ ಕಾಲವಾದ್ದರಿಂದ ಊರವರೆಲ್ಲ ಬೇಗ ಬೇಗ ಒಳಗೆ ಸಾಗಿಸುತ್ತಿದ್ದರು. ನನ್ನನ್ನು ನೋಡಿ ಮೊರ ಕೆಳಗಿಟ್ಟರು, ಬಾ ಎನ್ನಲಿಲ್ಲ.

"ಡಬ್ಬಿ ತಂದ್ಯಾ?" ಎಂದರು.

ತಂದಿದ್ದೆ. ತೊಳೆದು ತಂದಿದ್ದೆ. ಕೊಟ್ಟು, ಎಲ್ಲವನ್ನೂ ಹೇಳಿದೆ; ನನ್ನ ಆ ಸುಳ್ಳು ಹೂಂ ಒಂದನ್ನು ಬಿಟ್ಟು.

ಅವರು ಕಂಬಕ್ಕೊರಗಿ ಕೇಳಿದರು. "ಎಂಥಾ ಹೂವ ಕೇಳವ್ನೆ?"

"ಕೆಂಪು ನಾನೂರು, ಬಿಳಿ ಇನ್ನೂರು. ಗಿಡ್ಡ ಕಡ್ಡಿಯಾದರೂ ಪರವಾಗಿಲ್ಲ, ಅರ್ಧ ಬಿರಿದಿರಬೇಕಂತೆ. ಹೋದ ಸಲವೂ ಹಾಗೇ ಕೇಳಿದ್ದ."

"ಹಂಗಾರೆ ಅಂಗ್ಡಿಯೋನಲ್ಲ ಕಣಮ್ಮಾ. ಅಂಗ್ಡಿಯೋನು ಬಿರಿದಿದ್ದು ಮುಟ್ಟಲ್ಲ. ಇವ್ನು ಮದ್ವೆ ಸ್ಟೇಜು ಕಟ್ಟೋನು. ನಮ್ಮೋರ್ಗೆ ಇನ್ನೂ ಪುಷ್ಯ, ಶೂನ್ಯಮಾಸ, ಯಾರ್ ಮದ್ವೆ ಮಾಡ್ತಾರೆ? ತಮಿಳ್ರಿಗೆ ತೈ ತಿಂಗ್ಳು ಹುಟ್ಟೈತೆ, ಮದ್ವೆ ಕಾಲ. ನಾಳೆ ಸಾಯಂಕಾಲ ಯಾವ್ದೋ ಛತ್ರದಲ್ಲಿ ರಿಸೆಪ್ಶನ್ ಇರ್ಬೇಕು." ಹೊಲದ ಕಡೆ ನೋಡಿದರು. "ಆನೆ ಬಂದ್ರೆ ಎದ್ರಿಗೆ ಬತ್ತದೆ. ಇವ್ನು ಕಾಗ್ದದಾಗೆ ಬಂದು ನನ್ನ ತುಳ್ದವ್ನೆ."

"ಪೆಟ್ಟಿಗೆಯಲ್ಲಿ ಏನು ಹಾಕೋಣ?"

ಮೊದಲ ಬಾರಿಗೆ ನಕ್ಕರು. "ಮುಳ್ಳು. ಕತ್ರಿಸಿ ಗುಂಡಿಗೆ ಎಸೀತೀವಲ್ಲ ಕಡ್ಡಿ, ಅದು. ತೂಕ ಮಾತ್ರ ಸರ್ಯಾಗಿರ್ಲಿ. ಮೋಸ ಮಾಡಿದ್ರು ಅನ್ನಿಸ್ಕೋಬಾರ್ದು."

"ಪಾಪ, ಮದುವೆ ಹುಡುಗಿ..." ಎಂದು ಶುರುಮಾಡಿದೆ, ಮರ್ಯಾದೆಗೆ.

"ಕನಕಾಂಬ್ರ ಮುಡ್ಕೊಳ್ಲಿ ಬಿಡು. ನಮ್ ಮದ್ವೇಲಿ ಯಾವ್ ರೋಜಾ ಇತ್ತು?"

ಭಾನುವಾರ ಓನರ್ ಮತ್ತೆ ವಿಮಾನ ನಿಲ್ದಾಣದಲ್ಲಿದ್ದರು. ಕೈಗವುಸು ಹಾಕಿಕೊಂಡು ಎರಡು ಪೆಟ್ಟಿಗೆಯನ್ನೂ ನಾನೇ ತುಂಬಿದೆ. ಕತ್ತರಿಸಿ ಬಿಸಾಡಿದ ಮುಳ್ಳುಕಡ್ಡಿ, ಬಲೆಯ ಸಮೇತ ಕೊಳೆತ ಮೊಗ್ಗು. ತೂಗಿದೆ. ಟೇಪು ಸುತ್ತಿದೆ. ಅವನ ಚೀಟಿಯನ್ನು ಪ್ರಿಂಟು ಹಾಕಿ ಒಂದರ ಮೇಲೆ ಅಂಟಿಸಿದೆ. ತೋಟದ ಟೆಂಪೋದಲ್ಲಿ ಹೊಸೂರು ಬಸ್ ಸ್ಟ್ಯಾಂಡಿಗೆ ಹೋಗಿ ಬಸ್ಸಿನ ಡಿಕ್ಕಿಗೆ ಏರಿಸಿ, ಅವನು ಕೇಳಿದ್ದ ಹಾಗೆಯೇ ಬಸ್ಸಿನ ನಂಬರನ್ನು ಮೇಲ್ ಮಾಡಿದೆ. 'ತಮ್ಮ ವ್ಯವಹಾರಕ್ಕೆ ಧನ್ಯವಾದಗಳು' ಎಂದೂ ಬರೆದೆ. ಲಕ್ಷ್ಮಕ್ಕ ಹಸಿರು ರೇಷ್ಮೆಯ ಅಂಚಿನ ಸೀರೆಯುಟ್ಟು ಅದೇ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದರು. ಪಕ್ಕದಲ್ಲಿ ಕೂತೆ.

ಕೃಷ್ಣಗಿರಿ ಬಸ್ ಸ್ಟ್ಯಾಂಡಿನಲ್ಲಿ ಪೆಟ್ಟಿಗೆ ಇಳಿಸಿಕೊಂಡವನಿಗೆ ಮೂವತ್ತೈದು ವರ್ಷ ಇರಬಹುದು. ಇಸ್ತ್ರಿ ಮಾಡಿದ ಶರಟು, ಹಣೆಯಲ್ಲಿ ವಿಭೂತಿ. ಕಂಡಕ್ಟರಿಗೆ ನಗುತ್ತಾ ಹತ್ತು ರೂಪಾಯಿ ಹೆಚ್ಚಿಗೆ ಕೊಟ್ಟ. ನಾನು ಆ ನಗುವನ್ನು ಚೆನ್ನಾಗಿ ನೋಡಿಟ್ಟುಕೊಂಡೆ. ಅವನ ಗಾಡಿಯ ಹಿಂದೆ ನಮ್ಮ ಆಟೋ.

ಛತ್ರದ ಬಾಗಿಲಲ್ಲಿ ಪನ್ನೀರು ಚಿಮುಕಿಸಿ ಕಲ್ಲುಸಕ್ಕರೆ ಕೊಟ್ಟರು. ಲಕ್ಷ್ಮಕ್ಕನ ಸೀರೆ ನೋಡಿ ಯಾರೂ ಯಾವ ಕಡೆಯವರೆಂದು ಕೇಳಲಿಲ್ಲ. ಮೂರನೇ ಸಾಲಿನಲ್ಲಿ ಕೂತೆವು. ವೇದಿಕೆಯ ಮೇಲೆ ಹೂವು ಚುಚ್ಚಲು ಹಸಿರು ಸ್ಪಂಜಿನ ಕಮಾನು ಬರಿದಾಗಿ ನಿಂತಿತ್ತು. ಮದುವೆ ಹುಡುಗಿಯ ಸೋದರಮಾವ ಗಡಿಯಾರ ನೋಡುತ್ತಾ ಅವನನ್ನು ತಮಿಳಿನಲ್ಲಿ ಗದರುತ್ತಿದ್ದರು. ಅವನು 'ಐದು ನಿಮಿಷ ಸಾರ್' ಎನ್ನುತ್ತಾ ಟೇಪು ಕೊಯ್ದು, ಒಳಗೆ ಎರಡೂ ಕೈ ಹಾಕಿದ.

ಅವನು ಕೂಗಿದ್ದು ಇಡೀ ಛತ್ರಕ್ಕೆ ಕೇಳಿಸಿತು. ಕೈ ಹೊರಗೆ ತೆಗೆದಾಗ ಒಂದು ಕಡ್ಡಿ ಅಂಗೈಗೆ ಅಂಟಿಕೊಂಡೇ ಬಂತು.

"ಪೂ ಎಂಗೆಯ್ಯಾ?" ಎಂದರು ಹುಡುಗಿಯ ಮಾವ, ಹೂವೆಲ್ಲಯ್ಯ ಎಂದು. "ಅಡ್ವಾನ್ಸ್ ಪೂರಾ ತಗೊಂಡಿದ್ದೀಯಲ್ಲ, ಹೂವೆಲ್ಲಿ?"

ಅವನು ಎರಡನೇ ಪೆಟ್ಟಿಗೆಯನ್ನು ಕಾಲಿನಿಂದ ಒದ್ದು ತೆರೆದ. ಅದರಲ್ಲೂ ಅದೇ. "ತೋಟದವ್ರು ಮೋಸ ಮಾಡಿದಾರೆ ಸಾರ್! ಫುಲ್ ಪೇಮೆಂಟ್ ಮಾಡಿದೀನಿ ನಾನು!"

ಲಕ್ಷ್ಮಕ್ಕ ಎದ್ದರು. ಸೆರಗು ಸರಿಮಾಡಿಕೊಂಡು, ಮದುಮಗಳಿಗೆ ಅಕ್ಷತೆ ಹಾಕಲು ಹೋಗುವವರ ಹಾಗೆ ನಿಧಾನವಾಗಿ ವೇದಿಕೆಗೆ ನಡೆದರು.

"ತೋಟದೋಳು ನಾನೇ ಕಣಪ್ಪ. ನೀನ್ ಕಳ್ಸಿದ ದುಡ್ಡು ಹೆಂಗೈತೋ, ನಾವ್ ಕಳ್ಸಿದ ಹೂವೂ ಹಂಗೇ ಐತೆ. ಇನ್ನೇನ್ ಕಮ್ಮಿಯಾಯ್ತು ಹೇಳು?"

ಅವನ ಮುಖ ಬಣ್ಣ ಬದಲಿಸುವುದನ್ನು ನಾನು ಪೂರ್ತಿಯಾಗಿ, ಅವಸರವಿಲ್ಲದೆ ನೋಡಿದೆ. ಆಮೇಲೆ ಹೋಗಿ ಹುಡುಗಿಯ ಮಾವನ ಕೈಗೆ ಎರಡು ಸುಳ್ಳು ಚೀಟಿ, ದೂರಿನ ರಸೀದಿ, ನಮ್ಮ ಖಾತೆಯ ನಿಜವಾದ ವಿವರ, ನಾಲ್ಕನ್ನೂ ಕೊಟ್ಟೆ. ಇಲ್ಲದ ಖಾತೆಗೆ ಬ್ಯಾಂಕು ಹಣ ಹಾಕಿದ್ದು ಹೇಗೆಂದು ಅವರು ಅವನನ್ನೇ ಕೇಳಿದರು. ಅವನು ಲಕ್ಷ್ಮಕ್ಕನ ಹತ್ತಿರ ಬಂದು ಕನ್ನಡಕ್ಕೆ ಇಳಿದ.

"ಅಕ್ಕಾ, ಹೊರ್ಗಡೆ ಹೋಗಿ ಮಾತಾಡ್ಕೊಳೋಣ. ಇಲ್ಲಿ ಬೇಡ, ಎಲ್ರೂ ನೋಡ್ತವ್ರೆ."

"ನೋಡ್ಲಿ. ನನ್ನೂ ಎಲ್ರ ಮುಂದೇನೇ ಕೇಳಿದ್ದು."

ಪೊಲೀಸರನ್ನು ಕರೆಸಿದ್ದು ಮಾವನೇ. ಅವನನ್ನು ಕರೆದುಕೊಂಡು ಹೋಗುವಾಗ ಹುಡುಗಿಯ ಸೋದರತ್ತೆಯಂದಿರು ಬಾಗಿಲ ಚೆಂಡುಹೂವಿನ ತೋರಣ ಬಿಚ್ಚಿ ಬರಿ ಕಮಾನಿಗೆ ಸುತ್ತುತ್ತಿದ್ದರು. ಹುಡುಗಿ ಬದಿಯ ಕೋಣೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಕಣ್ಣಿನ ಕಾಡಿಗೆ ಕದಡಿತ್ತು. ನನಗೆ ಕನಿಕರ ಬರಬೇಕಿತ್ತು. ಆ ಸಂಜೆ ಬರಲಿಲ್ಲ. ಜಮಖಾನದ ಮೇಲೆ ಬಿದ್ದಿದ್ದ ಒಂದು ಮೊಗ್ಗಿನ ಬಲೆಯನ್ನು ಎತ್ತಿ ಸ್ವೆಟರಿನ ಜೇಬಿಗೆ ಹಾಕಿಕೊಂಡೆ.

ವಾಪಸು ಬರುವ ಬಸ್ಸಿನಿಂದ ಓನರಿಗೆ ಫೋನು ಮಾಡಿ ಹೇಳಿದೆ. ಮೊದಲು ಬೈದರು, ಆಮೇಲೆ ನಕ್ಕರು, ಕೊನೆಗೆ ಉದಾರಿಯಾದರು. "ಲಕ್ಷ್ಮಕ್ಕಂಗೆ ಹೇಳು, ನಾಳೆಯಿಂದ ಬರ್ಲಿ. ಆಗಿದ್ದು ಆಯ್ತು, ನಾನು ಮರ್ತ್ಬುಟ್ಟಿದ್ದೀನಿ ಅಂತ ಹೇಳು."

ಹೇಳಿದೆ. ಲಕ್ಷ್ಮಕ್ಕ ಕಿಟಕಿಯಾಚೆ ನೋಡುತ್ತಿದ್ದರು. ಅವತ್ತು ಜವಳಗಿರಿಗೆ ಬಸ್ಸು ಸಿಗದೆಂದು ಹೊಸೂರಿನ ತಂಗಿಯ ಮನೆಗೆ ಹೊರಟಿದ್ದರು.

"ಮರ್ತ್ಬುಟ್ರಂತಾ? ಅವ್ರು ಮರ್ಯಕ್ಕೆ ನಾನೇನ್ ತಪ್ಪು ಮಾಡಿದ್ದೆ? ಕೇಳ್ದೆ ಎತ್ತಿಸ್ದೋಳು ಅಂತ್ಲೇ ಇನ್ನೂ ನನ್ನ ಹೆಸ್ರು. ಹಂಗ್ ಬರಲ್ಲ ನಾನು."

ಬಸ್ಸು ಒಂದು ಸೇತುವೆ ದಾಟಿತು. ನಾನು ಕೇಳಿದೆ. "ಅವತ್ತು ಶೆಡ್ಡಿನಲ್ಲಿ ಯಾಕೆ ನನ್ನ ಹೆಸರು ಹೇಳಲಿಲ್ಲ ಲಕ್ಷ್ಮಕ್ಕ? ನೀವು ಕೇಳಿದ್ದಿರಿ. ಹೂಂ ಎಂದವಳು ನಾನು."

ಅವರು ತಿರುಗಿದರು. ಕೋಪವಿರಲಿಲ್ಲ, ಕಡ್ಡಿಯ ಉದ್ದ ನೋಡುವಾಗ ಇರುತ್ತಿದ್ದ ಅದೇ ಕಣ್ಣು.

"ನೀನ್ ಹೇಳ್ತೀಯ ಅಂತ ಕಾದೆ," ಎಂದರು. "ಗೇಟ್ ತಂಕ ಮೆಲ್ಲುಗೆ ನಡುದ್ನಲ್ಲ, ನೋಡ್ಲಿಲ್ವಾ?"



ಮಾರನೆಯ ಬೆಳಿಗ್ಗೆ ಆರಕ್ಕೇ ಶೆಡ್ಡಿನ ಬೀಗ ತೆಗೆಸಿದೆ. ಮಂಜು ನನ್ನ ಜೊತೆಯೇ ಒಳಗೆ ಬಂತು. ಗುರುವಾರದ ಆ ಮೊದಲ ಸುಳ್ಳು ಪತ್ರವನ್ನು ಇನ್ನೊಮ್ಮೆ ಪ್ರಿಂಟು ಹಾಕಿ, ಅದರ ಕೆಳಗೆ ಪೆನ್ನಿನಲ್ಲಿ ದೊಡ್ಡ ಅಕ್ಷರದಲ್ಲಿ, ಸಾರ್‌ನ ಕೇಳದೆಯೇ ಹೂಂ ಎಂದವಳು ನಾನೆಂದು ನಾಲ್ಕು ಸಾಲು ಬರೆದು, ಪೂರ್ತಿ ಹೆಸರು ಸಹಿ ಮಾಡಿದೆ. ಲಕ್ಷ್ಮಕ್ಕನ ಜಾಗದ ಮೇಲಿನ ದಾರಕ್ಕೆ ಸಿಕ್ಕಿಸಿದೆ. ಕೆಳಗೆ ಅವರ ಕೈಗವುಸು ಇಟ್ಟ ಹಾಗೆಯೇ ಇತ್ತು. ಹೆಂಗಸರು ಒಬ್ಬೊಬ್ಬರಾಗಿ ಬಂದು ಮೇಜಿಗೆ ನಿಂತರು, ದಾರ ನೋಡಿದರು, ನನ್ನನ್ನು ನೋಡಿದರು, ಕತ್ತರಿ ಎತ್ತಲಿಲ್ಲ. ಏಳು ಗಂಟೆಗೆ ಓನರ್ ಬಂದರು.

"ಏನಿದು, ಇಷ್ಟು ಬೇಗ ಚೀಟಿ? ಯಾವ ಪೆಟ್ಗೆದು?"

"ಪೆಟ್ಟಿಗೆಯದಲ್ಲ ಸಾರ್," ಎಂದೆ. ಕ್ಲಿಪ್ಪು ಬಿಚ್ಚಿ ಕಾಗದವನ್ನು ಕೈಗೆ ತೆಗೆದುಕೊಂಡು, ಮೇಜಿನ ಆ ತುದಿಯವರಿಗೂ ಕೇಳುವ ಹಾಗೆ ಓದಲು ಶುರುಮಾಡಿದೆ.